ನಾಪೋಕ್ಲಿನಲ್ಲಿ ಸಮುದ್ರದ ಟ್ಯಾಂಕ್: ಪಾಚಿ ಏರುತ್ತಿದೆ, ಬಸವನಹುಳು ಉಳಿಯುತ್ತಿಲ್ಲ

ತೋಟದಮನೆ_ನಾಪೋಕ್ಲು (ಜುಲೈ 24)

ಎಲ್ಲರಿಗೂ ನಮಸ್ಕಾರ. ಈ ಗುಂಪಿನಲ್ಲಿ ಸಿಹಿನೀರಿನ ಮೀನು ಸಾಕುವವರೇ ಜಾಸ್ತಿ. ಉಪ್ಪುನೀರಿನ ಟ್ಯಾಂಕ್ ಇಟ್ಟವರು ಒಬ್ಬಿಬ್ಬರಾದರೂ ಇದ್ದರೆ ದಯವಿಟ್ಟು ಪೂರ್ತಿ ಓದಿ.

ನಮ್ಮಪ್ಪ ನೇವಿಯಲ್ಲಿ ಇದ್ದವರು. ಈಗ ಮಂಡಿ ನೋವು. ಮಳೆ ಹಿಡಿದರೆ ಅಂಗಳಕ್ಕೂ ಇಳಿಯುವುದಿಲ್ಲ. ಸಮುದ್ರ ನೋಡದೆ ಎಷ್ಟು ವರ್ಷ ಆಯ್ತು ಅಂತ ಆಗಾಗ ಹೇಳುತ್ತಿದ್ದರು. ಅದಕ್ಕೇ ಮೇ ಎರಡನೇ ವಾರ ನಡುಮನೆಯಲ್ಲಿ 3 ಅಡಿ ಉದ್ದದ ಟ್ಯಾಂಕ್ ಇಟ್ಟೆ. ಅಗಲ, ಎತ್ತರ ಒಂದೂವರೆ ಅಡಿ. ಕಲ್ಲು, ಮರಳು ಬಿಟ್ಟು ಸುಮಾರು 150 ಲೀಟರ್ ನೀರು. ಐದು ವಾರ ಮೀನಿಲ್ಲದೆ ಓಡಿಸಿ, ಮೀನಿಗೆ ವಿಷವಾಗುವ ಅಮೋನಿಯಾ ಮತ್ತು ನೈಟ್ರೈಟ್ ಸೊನ್ನೆಗೆ ಬಂದ ಮೇಲೆಯೇ ಹ್ಯಾಚರಿಯಲ್ಲಿ ಹುಟ್ಟಿದ ಎರಡು ಕ್ಲೌನ್ ಮೀನು ತಂದೆ. ಅವು ಚೆನ್ನಾಗಿವೆ. ಅಪ್ಪ ಬೆಳಗಿನ ಕಾಫಿ ಅಲ್ಲೇ ಕುಡಿಯುತ್ತಾರೆ.

ತೊಂದರೆ ಪಾಚಿಯದ್ದು. ಮೊದಲು ಮರಳಿನ ಮೇಲೆ ಕಂದು ಪುಡಿ ಬಂತು. ಒರೆಸಿದರೆ ಮರುದಿನ ಮತ್ತೆ ಬರುತ್ತಿತ್ತು. ಆಮೇಲೆ ಕಲ್ಲಿನ ಮೇಲೆಲ್ಲ ಹಸಿರು ಕೂದಲು. ಈ ವಾರ ಮರಳಿನ ಮೇಲೆ ಕಡುಗೆಂಪು ಪದರ, ಹಾಲಿನ ಕೆನೆಯ ಹಾಗೆ ಎದ್ದು ಬರುತ್ತದೆ. ಪಾಚಿ ತಿನ್ನಲಿ ಅಂತ ಆರು ಟರ್ಬೊ ಬಸವನಹುಳು ಬಿಟ್ಟೆ. ನಾಲ್ಕೇ ದಿನಕ್ಕೆ ಆರೂ ಸತ್ತವು. ಮತ್ತೆ ಐದು ತಂದೆ, ಅವೂ ಹೋದವು. ಮೀನಿಗೆ ಏನೂ ಆಗಿಲ್ಲ. ಇದೇ ನನಗೆ ಅರ್ಥವಾಗುತ್ತಿಲ್ಲ.

ಉಷ್ಣತೆ 25 ಡಿಗ್ರಿ, ಉಪ್ಪುನೀರಿನ ಸಾಂದ್ರತೆ 1.026, ಪಿಎಚ್ 7.8, ನೈಟ್ರೇಟ್ 10, ಫಾಸ್ಫೇಟ್ ಸೊನ್ನೆ. ನೀರು ಬಾವಿಯದ್ದು, ಅಡುಗೆಮನೆಯ ಆರ್‌ಒದಿಂದ ಹಿಡಿಯುತ್ತೇನೆ, ಟಿಡಿಎಸ್ (ನೀರಿನಲ್ಲಿ ಕರಗಿದ ಲವಣದ ಅಳತೆ) 42. ಗೋಡೌನಿನಲ್ಲಿದ್ದ ಹಳೇ ನೀಲಿ ಡ್ರಮ್ಮನ್ನು ಚೆನ್ನಾಗಿ ತೊಳೆದು ಅದರಲ್ಲಿ ಉಪ್ಪು ಕಲಸುತ್ತೇನೆ. ಲೈಟ್ ದಿನಕ್ಕೆ 10 ಗಂಟೆ. ಮೀನಿಗೆ ಮೂರು ಹೊತ್ತು ತಿಂಡಿ, ಹಾಕುವುದು ಅಪ್ಪ.

ಅಂಗಡಿಯವರು ಪಾಚಿ ಸಾಯಿಸುವ ಔಷಧಿ ಕೊಟ್ಟಿದ್ದಾರೆ. ಬಾಟಲಿ ಇನ್ನೂ ತೆರೆದಿಲ್ಲ. ಹಾಕಲಾ?

ಕುಡ್ಲದ_ಅಲೆ

ಅಕ್ಕ, ಔಷಧಿ ಹಾಕಬೇಡಿ. ಅಷ್ಟೂ ಪಾಚಿ ಒಟ್ಟಿಗೆ ಸತ್ತರೆ ಅದು ಕೊಳೆಯುತ್ತದೆ, ನೀರಿನ ಆಮ್ಲಜನಕ ಇಳಿಯುತ್ತದೆ. ಆ ರಾತ್ರಿ ಕರೆಂಟೂ ಹೋದರೆ ಮೀನು ಉಳಿಯುವುದಿಲ್ಲ. ನಿಮ್ಮ ಕಡೆ ಈ ತಿಂಗಳು ಕರೆಂಟ್ ಹೋಗದ ರಾತ್ರಿ ಎಷ್ಟಿರುತ್ತದೆ ಹೇಳಿ. ಬ್ಯಾಟರಿಯ ಗಾಳಿ ಪಂಪ್ ಒಂದನ್ನು ಮೊದಲು ತಂದಿಡಿ.

ನೀವು ಹೇಳಿದ ಕಂದು, ಹಸಿರು, ಕೆಂಪು ಹೊಸ ಟ್ಯಾಂಕಿನಲ್ಲಿ ಹೆಚ್ಚಾಗಿ ಅದೇ ಸಾಲಿನಲ್ಲಿ ಬರುತ್ತವೆ. ಕಂದು ಪುಡಿ ಡಯಾಟಮ್ ಅನ್ನುವ ಸೂಕ್ಷ್ಮ ಪಾಚಿ. ಅದಕ್ಕೆ ಸಿಲಿಕಾ ಬೇಕು, ಅದು ಬಾವಿ ನೀರಿನಿಂದ ಬರುತ್ತಿರಬೇಕು. ಅಡುಗೆಮನೆ ಆರ್‌ಒಗಳಲ್ಲಿ ರುಚಿಗೆ ಅಂತ ಸ್ವಲ್ಪ ಫಿಲ್ಟರ್ ಆಗದ ನೀರು ಬೆರೆಸುವ ತಿರುಪು ಇರುತ್ತದೆ. ನಿಮ್ಮ 42 ಬಂದದ್ದು ಅಲ್ಲಿಂದಲೇ ಇರಬೇಕು. ಅದನ್ನು ಮುಚ್ಚಿಸಿ, ಕೊನೆಗೆ ಉಳಿದ ಲವಣವನ್ನೂ ಹಿಡಿಯುವ ಡಿಐ ರೆಸಿನ್ ಡಬ್ಬಿ ಸೇರಿಸಿ. ಟಿಡಿಎಸ್ ಸೊನ್ನೆ ಬರಬೇಕು.

ಪಾಚಿಗೆ ಗೊಬ್ಬರವಾಗುವ ಫಾಸ್ಫೇಟ್ ಸೊನ್ನೆ ತೋರಿಸಿದೆ ಅಂತ ನಂಬಬೇಡಿ. ಇದೆ, ಆದರೆ ನೀವು ಅಳೆಯುವ ಮೊದಲೇ ಪಾಚಿ ತಿಂದು ಮುಗಿಸುತ್ತಿದೆ. ಒಣ ಕಲ್ಲಿನಿಂದಲೂ ತಿಂಗಳುಗಟ್ಟಲೆ ಬಿಡುತ್ತಿರುತ್ತದೆ. ಅದಕ್ಕೇ ಹಸಿರು ಕೂದಲನ್ನು ಕೈಯಲ್ಲಿ ಕಿತ್ತು ಹೊರಗೆ ಹಾಕುವುದೇ ಒಳ್ಳೆಯದು. ಕಿತ್ತಷ್ಟೂ ಫಾಸ್ಫೇಟ್ ಮನೆಯಿಂದ ಹೊರಗೆ ಹೋದ ಹಾಗೆ. ಕೆಂಪು ಪದರ ನಿಜಕ್ಕೂ ಪಾಚಿಯಲ್ಲ, ಸಯನೋಬ್ಯಾಕ್ಟೀರಿಯಾ. ಪೈಪಿನಲ್ಲಿ ಎಳೆದು ತೆಗೆಯಿರಿ. ನೀರು ನಿಂತಿರುವ ಮೂಲೆಗೆ ಪಂಪಿನ ಮೂತಿ ತಿರುಗಿಸಿ.

ಲೈಟ್ 7 ಗಂಟೆ ಸಾಕು. ತಿಂಡಿ ಒಂದು ಹೊತ್ತು. ಅಪ್ಪನಿಗೆ ಬೇಜಾರಾಗುತ್ತದೆ, ಗೊತ್ತು. ಅಷ್ಟನ್ನೇ ಮೂರು ಚಿಟಿಕೆ ಮಾಡಿ ಕೊಡಿ.

ಸೋಮ್ವಾರಪೇಟೆ_ಮಳೆ

ಇಷ್ಟೆಲ್ಲ ಯಾಕೆ? ಮಂಗಳೂರಿಗೆ ಹೋಗುವವರ ಕೈಲಿ ನಾಲ್ಕು ಕ್ಯಾನ್ ಸಮುದ್ರದ ನೀರು, ಒಂದು ಚೀಲ ಹವಳದ ಕಲ್ಲು ತರಿಸಿ. ತಾನೇ ಸರಿಹೋಗುತ್ತದೆ.

ಬೇತ್ರಿ_ಹೊಳೆದಂಡೆ

ಎರಡೂ ಬೇಡ ತಂಗಿ. ಮಳೆಗಾಲದಲ್ಲಿ ನೇತ್ರಾವತಿಯೂ ಗುರುಪುರ ಹೊಳೆಯೂ ಕೆಂಪು ನೀರನ್ನು ಕಡಲಿಗೆ ಸುರಿಯುತ್ತಿರುತ್ತವೆ. ದಡದ ನೀರಿನಲ್ಲಿ ಆಗ ಉಪ್ಪೂ ಕಡಿಮೆ, ಮಣ್ಣೂ ಜಾಸ್ತಿ. ಹವಳದ ಕಲ್ಲಂತೂ ಮುಟ್ಟಲೇಬೇಡಿ. ಹವಳ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅಡಿ ಬರುತ್ತದೆ, ಹುಲಿ ಆನೆಯ ಹಾಗೆಯೇ. ಕ್ಲೌನ್ ಮೀನನ್ನು ತೊಟ್ಟಿಯಲ್ಲೇ ಮರಿ ಮಾಡಿಸುವುದನ್ನು ಸಿಎಂಎಫ್‌ಆರ್‌ಐ (ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ) ತಮಿಳುನಾಡಿನ ಮಂಟಪಂನಲ್ಲಿ ಮಾಡಿ ತೋರಿಸಿದೆ. ನೀವು ಹ್ಯಾಚರಿ ಮೀನು ತಂದದ್ದು ಓದಿ ಖುಷಿಯಾಯಿತು.

ಪಿಎಚ್ 7.8 ಸ್ವಲ್ಪ ಕಡಿಮೆ ಅಂತ ಸೋಡಾ ಹಾಕಲು ಹೋಗಬೇಡಿ. ಮಳೆಗೆ ಕಿಟಕಿ ಎಲ್ಲ ಮುಚ್ಚಿ, ಒಳಗೆ ಒಲೆ ಉರಿಯುತ್ತಿದ್ದರೆ ಮನೆಯೊಳಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ, ಅದರಿಂದಲೇ ಪಿಎಚ್ ಇಳಿಯುತ್ತದೆ. ಸ್ಕಿಮ್ಮರಿನ (ನೊರೆಯ ಜೊತೆ ಕೊಳೆ ತೆಗೆಯುವ ಯಂತ್ರ) ಗಾಳಿ ಪೈಪನ್ನು ಕಿಟಕಿಯ ಹೊರಗೆ ಬಿಡಿ, ಅಷ್ಟೇ.

ನನ್ನ ತಲೆಯಲ್ಲಿ ಕೂತದ್ದು ಬೇರೆ. ಮೀನು ಆರಾಮ, ಬಸವನಹುಳು ಮಾತ್ರ ನಾಲ್ಕು ದಿನಕ್ಕೆ ಸಾಯುತ್ತದೆ. ಪಾಚಿ ಸಾಮಾನ್ಯವಾಗಿ ಬಸವನಹುಳುವನ್ನು ಇಷ್ಟು ಬೇಗ ಕೊಲ್ಲುವುದಿಲ್ಲ. ತಂಗಿ, ಆ ನೀಲಿ ಡ್ರಮ್ಮಿನಲ್ಲಿ ಮೊದಲು ಏನಿತ್ತು? ಉಪ್ಪು ಕಲಕುವುದು ಯಾವ ಕೋಲಿನಲ್ಲಿ?

ತೋಟದಮನೆ_ನಾಪೋಕ್ಲು (ಜುಲೈ 25)

ಅಣ್ಣ, ನಿಮ್ಮ ಪ್ರಶ್ನೆ ಓದಿದ ಕೂಡಲೇ ಗೋಡೌನಿಗೆ ಹೋದೆ. ಕೋಲು ಡ್ರಮ್ಮಿನ ಜೊತೆಗೇ ಇದ್ದದ್ದು. ಕೆಳಗಿನ ಒಂದು ಅಡಿ ತಿಳಿ ನೀಲಿಯಾಗಿದೆ. ನಾನು ಡ್ರಮ್ಮಿನ ಬಣ್ಣವೇ ಹತ್ತಿದೆ ಅಂದುಕೊಂಡಿದ್ದೆ. ತೋಟ ನೋಡಿಕೊಳ್ಳುವವರನ್ನು ಕೇಳಿದರೆ, ಪ್ರತಿ ವರ್ಷ ಮಳೆಗೆ ಮೊದಲು ಕರಿಮೆಣಸಿಗೆ ಬೋರ್ಡೋ ದ್ರಾವಣ ಕಲಸುವುದು ಅದರಲ್ಲೇ ಅಂತೆ. ಮೈಲುತುತ್ತ, ಸುಣ್ಣ.

ಮೂರು ಸಲ ಸೋಪು ಹಾಕಿ ತಿಕ್ಕಿದ್ದೆ. ತುಂಬಾ ಸಂಕಟವಾಗುತ್ತಿದೆ. ಹನ್ನೊಂದು ಜೀವ.

ಬೇತ್ರಿ_ಹೊಳೆದಂಡೆ

ನನಗೂ ಅದೇ ಅನುಮಾನ ಇತ್ತು. ಮೈಲುತುತ್ತ ಅಂದರೆ ತಾಮ್ರದ ಲವಣ. ಸಮುದ್ರದ ಮೀನಿಗೆ ಬಿಳಿ ಚುಕ್ಕೆ ರೋಗ ಬಂದರೆ ತಾಮ್ರವನ್ನೇ ಅಳತೆ ಮಾಡಿ ಔಷಧಿಯಾಗಿ ಕೊಡುತ್ತಾರೆ. ಅಷ್ಟನ್ನು ಮೀನು ತಡೆಯುತ್ತದೆ. ಬಸವನಹುಳು, ಸಿಗಡಿ, ಏಡಿ, ಹವಳ ಅದಕ್ಕಿಂತ ಕಡಿಮೆಯಲ್ಲೇ ಸಾಯುತ್ತವೆ. ಪ್ಲಾಸ್ಟಿಕ್ಕಿನ ಗೀರುಗಳಲ್ಲಿ, ಮರದ ಕೋಲಿನಲ್ಲಿ ಕೂತದ್ದು ಸೋಪಿಗೆ ಹೋಗುವುದಿಲ್ಲ.

ಈಗ ಒಂದು ತಾಮ್ರದ ಟೆಸ್ಟ್ ಕಿಟ್ ತರಿಸಿ. ಆಹಾರ ತುಂಬುವ ಹೊಸ ಡ್ರಮ್, ಪ್ಲಾಸ್ಟಿಕ್ ಕೋಲು ತನ್ನಿ. ವಾರಕ್ಕೆ ಎರಡು ಸಲ 30 ಲೀಟರ್ ಬದಲಿಸಿ. ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿನ ಲೆಕ್ಕದಲ್ಲಿ ಒಂದು ಕಿಲೋ ಮೇಲೆ ಸ್ವಲ್ಪ ಬೇಕು. ತಾಮ್ರ ಹೀರುವ ರೆಸಿನ್ ಫಿಲ್ಟರಿನಲ್ಲಿಡಿ. ಕಲ್ಲು, ಮರಳು ತಾಮ್ರವನ್ನು ಹಿಡಿದುಕೊಂಡು ನಿಧಾನಕ್ಕೆ ಬಿಡುತ್ತವೆ. ಹಾಗಾಗಿ ಒಂದು ಸಲ ಸೊನ್ನೆ ಬಂತು ಅಂತ ನಿಲ್ಲಿಸಬೇಡಿ. ಆಮೇಲೆ ಒಂದೇ ಒಂದು ಹುಳು ಬಿಟ್ಟು ನೋಡಿ.

ಕುಡ್ಲದ_ಅಲೆ

ನಾನು ಡ್ರಮ್ಮಿನ ಸಾಲನ್ನು ಓದಿ ಹಾಗೇ ಮುಂದೆ ಹೋಗಿದ್ದೆ. ಕಡಲ ದಡದವನಿಗೆ ತೋಟದ ಡ್ರಮ್ ತಲೆಗೆ ಬರಲಿಲ್ಲ. ಅಕ್ಕ, ಆ ಔಷಧಿ ಬಾಟಲಿಯ ಹಿಂದೆ ಏನು ಬರೆದಿದೆ ನೋಡಿ. ಪಾಚಿ ಕೊಲ್ಲುವ ಎಷ್ಟೋ ಔಷಧಿಗಳಲ್ಲೂ ಇರುವುದು ತಾಮ್ರವೇ.

ತೋಟದಮನೆ_ನಾಪೋಕ್ಲು (ಸೆಪ್ಟೆಂಬರ್ 9)

ಬಾಟಲಿಯಲ್ಲೂ ತಾಮ್ರವೇ ಇತ್ತು. ವಾಪಸ್ ಕೊಟ್ಟೆ. ಹಾಕಿದ್ದರೆ ಏನಾಗುತ್ತಿತ್ತೋ.

ತಾಮ್ರದ ಟೆಸ್ಟಿನಲ್ಲಿ ಮೊದಲ ದಿನ ಬಣ್ಣ ತಿರುಗಿತ್ತು. ನಾಲ್ಕನೇ ವಾರದಿಂದ ತಿರುಗಿಲ್ಲ. ಆರ್‌ಒದ ತಿರುಪು ಮುಚ್ಚಿಸಿ ಡಿಐ ಹಾಕಿಸಿದೆ, ಟಿಡಿಎಸ್ ಸೊನ್ನೆ ಇದೆ. ಕಂದು ಪುಡಿ ಪೂರ್ತಿ ಹೋಯಿತು. ಕೆಂಪು ಪದರ ಪಂಪಿನ ಹಿಂದಿನ ಮೂಲೆಯಲ್ಲಿ ಮಾತ್ರ ಅಂಗೈಯಷ್ಟು ಉಳಿದಿದೆ. ಹಸಿರು ಕೂದಲು ಇನ್ನೂ ಇದೆ, ಪ್ರತಿ ಭಾನುವಾರ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ ತೆಗೆಯುತ್ತೇನೆ. ಕಳೆದ ವಾರದ್ದು ಒಂದು ಮುಷ್ಟಿಯೂ ಆಗಲಿಲ್ಲ.

ಆಗಸ್ಟ್ 31ಕ್ಕೆ ಒಂದು ಟರ್ಬೊ ಬಿಟ್ಟೆ. ಇವತ್ತಿಗೆ ಒಂಬತ್ತು ದಿನ. ರಾತ್ರಿ ಗಾಜಿನ ಮೇಲೆ ನಡೆದ ದಾರಿ ಬೆಳಿಗ್ಗೆ ಕಾಣುತ್ತದೆ. ಪಾಚಿಯ ನಡುವೆ ಸೊಟ್ಟ ಗೆರೆ. ಅಪ್ಪ ಎದ್ದ ಕೂಡಲೇ ಟಾರ್ಚ್ ಹಿಡಿದು ಅದು ಎಲ್ಲಿದೆ ಅಂತ ಹುಡುಕಿ ನನ್ನನ್ನು ಕೂಗುತ್ತಾರೆ. ತಿಂಡಿ ಮೂರು ಚಿಟಿಕೆಯೇ, ಒಂದು ಚೂರು ಹೆಚ್ಚಿಲ್ಲ.

ನೀಲಿ ಡ್ರಮ್ ಮತ್ತು ಕೋಲು ಗೋಡೌನಿಗೆ ವಾಪಸ್ ಹೋಗಿವೆ. ಎರಡರ ಮೇಲೂ ಬಿಳಿ ಪೇಂಟಿನಲ್ಲಿ ಮೈಲುತುತ್ತ ಅಂತ ಬರೆಸಿದ್ದೇನೆ.