ಹಲೂಮಿ ಚೀಸ್ ಹುರಿಯುವುದು ಹೇಗೆ? ಅನುಭವವುಳ್ಳವರು ತಿಳಿಸಿ

ಪ್ರಶ್ನೆ, ಲೀಡ್ಸ್‌ನಿಂದ:
ಇಲ್ಲಿನ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಹಲೂಮಿ ಚೀಸನ್ನು ಮನೆಯಲ್ಲಿ ಹುರಿದಾಗಲೆಲ್ಲ ಅದು ನೀರು ಬಿಟ್ಟುಕೊಂಡು ಬೆಳ್ಳಗೇ ಉಳಿಯುತ್ತದೆ. ತಿನ್ನಲು ರಬ್ಬರಿನಂತಿದ್ದು, ಉಪ್ಪೂ ಹೆಚ್ಚೆನಿಸುತ್ತದೆ. ಹೊಂಬಣ್ಣ ಬರಿಸುವ ಬಗೆಯನ್ನೂ ಯಾವುದರೊಂದಿಗೆ ಬಡಿಸಬೇಕೆಂಬುದನ್ನೂ ದಯವಿಟ್ಟು ತಿಳಿಸಿ. ನಾವು ಸಸ್ಯಾಹಾರಿಗಳು.

ಉತ್ತರ, ಲಂಡನ್‌ನಿಂದ:
ನಿಮ್ಮ ತೊಂದರೆಗೆ ನೀರೇ ಕಾರಣ. ಹಲೂಮಿ ಉಪ್ಪುನೀರಿನಲ್ಲಿರುವ ಚೀಸ್ ಆದ್ದರಿಂದ, ಪೊಟ್ಟಣದಿಂದ ತೆಗೆದ ಕೂಡಲೇ ಬಿಸಿಗೆ ಹಾಕಿದರೆ ಅದು ಹುರಿಯುವ ಬದಲು ಬೇಯುತ್ತದೆ. ಸುಮಾರು 1 ಸೆಂಟಿಮೀಟರ್ ದಪ್ಪದ ಹೋಳುಗಳನ್ನು ಕೊಯ್ದು, ಎರಡೂ ಬದಿಯನ್ನು ಒಣಬಟ್ಟೆಯಿಂದ ಒತ್ತಿ ಒರೆಸಿ, ಚೆನ್ನಾಗಿ ಕಾದ ಕಾವಲಿಯ ಮೇಲೆ ಒಂದಕ್ಕೊಂದು ತಾಗದಂತೆ ಇಡಿ. ಕಾವಲಿ ನಾನ್‌ಸ್ಟಿಕ್ ಆಗಿದ್ದರೆ ಎಣ್ಣೆ ಬೇಡ. ಕಬ್ಬಿಣದ್ದಾದರೆ ತೆಳುವಾಗಿ ಸವರಿದರೆ ಸಾಕು. ಎಷ್ಟೇ ಒರೆಸಿದರೂ ಮೊದಲು ಸ್ವಲ್ಪ ನೀರು ಬಂದೇ ಬರುತ್ತದೆ. ಅದು ಆವಿಯಾದ ಮೇಲಷ್ಟೇ ತಳ ಬಣ್ಣ ಹಿಡಿಯುವುದರಿಂದ, ಅಲ್ಲಿಯವರೆಗೆ ಹೋಳನ್ನು ಸರಿಸದೆ, ಒತ್ತದೆ, ಮಧ್ಯಮ ಉರಿಯಲ್ಲಿ ಬಿಟ್ಟು, ಒಮ್ಮೆ ಮಾತ್ರ ಮಗುಚಿ. ಒಂದು ಬದಿಗೆ 2–3 ನಿಮಿಷ ಹಿಡಿಯುತ್ತದೆ. ಆರಿದ ಹಲೂಮಿ ಬಿರುಸಾಗಿ ರಬ್ಬರಿನಂತಾಗುವುದರಿಂದ, ದೋಸೆಯಂತೆ ಇದನ್ನೂ ತಿನ್ನುವವರು ಕುಳಿತ ಮೇಲೆಯೇ ಹುರಿಯಬೇಕು.

ಉತ್ತರ, ನಿಕೋಸಿಯಾದಿಂದ:
ಸೈಪ್ರಸ್‌ನ ಈ ಚೀಸ್‌ಗೆ 2021ರಲ್ಲಿ ಐರೋಪ್ಯ ಒಕ್ಕೂಟವು ಮೂಲಸ್ಥಾನದ ಹೆಸರಿನ ರಕ್ಷಣೆ ನೀಡಿದೆ. ಹೆಪ್ಪುಗಟ್ಟಿದ ಹಾಲನ್ನು ಒತ್ತಿ ತುಂಡು ಮಾಡಿ, ಅದರಿಂದಲೇ ಬಸಿದ ನೀರಿನಲ್ಲಿ 90 ಡಿಗ್ರಿಗೂ ಮೀರಿದ ಬಿಸಿಯಲ್ಲಿ ಬೇಯಿಸಿ, ಉಪ್ಪು ಮತ್ತು ಪುದೀನ ಸೇರಿಸಿ ಮಡಿಸುತ್ತಾರೆ. ಹೀಗೆ ಮೊದಲೇ ಬೆಂದಿರುವುದರಿಂದಲೂ ಹುಳಿ ಏರದಿರುವುದರಿಂದಲೂ ಅದು ಕಾವಲಿಯ ಮೇಲೆ ಕರಗದು. ಆ ಮಡಿಕೆಯ ಗೆರೆಯಲ್ಲಿ ಹೋಳು ಸೀಳಿದರೆ ಗಾಬರಿ ಬೇಡ, ತುಂಡುಗಳನ್ನು ಹಾಗೆಯೇ ಹುರಿಯಿರಿ. ಕೊಳ್ಳುವಾಗ ಹಾಲು ಯಾವುದೆಂದು ನೋಡಿ: ಕುರಿ, ಮೇಕೆಯ ಹಾಲು ಹೆಚ್ಚಿದ್ದರೆ ರುಚಿ ಗಾಢ, ಹಸುವಿನದು ಹೆಚ್ಚಿದ್ದರೆ ಸೌಮ್ಯ. ಬಹುಕಾಲ ಉಪ್ಪುನೀರಿನಲ್ಲಿ ಮಾಗಿದ ಹಲೂಮಿ ಗಟ್ಟಿಯಾಗಿಯೂ ಹೆಚ್ಚು ಉಪ್ಪಾಗಿಯೂ ಇರುತ್ತದೆ. ಅದನ್ನು ಇಲ್ಲಿ ಪಾಸ್ತಾದ ಮೇಲೆ ತುರಿದುಕೊಳ್ಳುತ್ತಾರೆ. ಹುರಿಯಲು ತಾಜಾ ಹಲೂಮಿಯೇ ಸರಿ. ಬೇಸಿಗೆಯಲ್ಲಿ ಇಲ್ಲಿಯವರು ತಣ್ಣನೆಯ ಕಲ್ಲಂಗಡಿಯೊಂದಿಗೆ ತಿನ್ನುತ್ತಾರೆ, ಮತ್ತು ಆ ಉಪ್ಪಿಗೆ ಅದಕ್ಕಿಂತ ಒಪ್ಪುವ ಜೊತೆ ನನಗೆ ಕಂಡಿಲ್ಲ. ಬಿಸಿ ಪಿಟಾ ರೊಟ್ಟಿಯಲ್ಲಿ ಟೊಮೆಟೊ, ಸೌತೆಕಾಯಿಯೊಡನೆ ಇಟ್ಟು ನಿಂಬೆ ಹಿಂಡಿದರೂ ಚೆನ್ನ.

ಉತ್ತರ, ಬರ್ಮಿಂಗ್‌ಹ್ಯಾಮ್‌ನಿಂದ:
ಸಸ್ಯಾಹಾರಿಗಳಾದ್ದರಿಂದ ರೆನೆಟ್ ಕಡೆ ಗಮನ ಕೊಡಿ. ಹಾಲನ್ನು ಹೆಪ್ಪುಗಟ್ಟಿಸುವ ಈ ವಸ್ತು ಕರುವಿನ ಹೊಟ್ಟೆಯಿಂದ ತೆಗೆದದ್ದಾಗಿರಬಹುದು, ಸೂಕ್ಷ್ಮಜೀವಿಗಳಿಂದ ತಯಾರಾದದ್ದೂ ಆಗಿರಬಹುದು. ಆದ್ದರಿಂದ ಸಸ್ಯಾಹಾರಿಗಳಿಗೆ ಯೋಗ್ಯವೆಂದು ಪೊಟ್ಟಣದ ಮೇಲೆ ಬರೆದಿದ್ದರೆ ಮಾತ್ರ ಕೊಳ್ಳಿ. ಉಪ್ಪು ತಗ್ಗಿಸಲು ಹೋಳುಗಳನ್ನು ಅರ್ಧ ಗಂಟೆ ತಣ್ಣೀರಿನಲ್ಲಿ ನೆನೆಸಬಹುದು, ಆದರೆ ಆಮೇಲೆ ಇನ್ನೂ ಚೆನ್ನಾಗಿ ಒರೆಸಬೇಕಾಗುತ್ತದೆ. ಪನೀರಿನ ಬದಲಿಗೆ ಇದನ್ನು ಗ್ರೇವಿಗೆ ಹಾಕುವವರಿದ್ದಾರೆ. ನನಗದು ಒಪ್ಪಿಗೆಯಿಲ್ಲ: ಉಪ್ಪೆಲ್ಲ ಸಾರಿಗೆ ಇಳಿಯುತ್ತದೆ, ಕಷ್ಟಪಟ್ಟು ಬರಿಸಿದ ಗರಿ ಮೆತ್ತಗಾಗುತ್ತದೆ. ಅದಕ್ಕಿಂತ ಉಪ್ಪು ಹಾಕದ ಹೆಸರುಬೇಳೆ ಕೋಸಂಬರಿಯ ಮೇಲೆ ಬಿಸಿ ಹೋಳುಗಳನ್ನಿಟ್ಟು ಬಡಿಸಿ ನೋಡಿ. ಹುರಿದು ಮಿಕ್ಕದ್ದನ್ನು ಮರುದಿನ ಸಣ್ಣಗೆ ಹೆಚ್ಚಿ ಮತ್ತೆ ಕಾವಲಿಗೆ ಹಾಕಿದರೆ ತಿನ್ನುವಂತಾಗುತ್ತದೆ.