ಯೂರಿನ್ ಕಲ್ಚರ್ ರಿಪೋರ್ಟಿನಲ್ಲಿ ಬರೀ ‘ಆರ್’ ಬಂದಿದೆ, ಅಮ್ಮನಿಗೆ ಇನ್ನು ಯಾವ ಮದ್ದು?

ದಾವಣಗೆರೆ ಮಗಳು:
ಅಮ್ಮನಿಗೆ 64 ವರ್ಷ, ಶುಗರ್ ಇದೆ. ಉರಿಮೂತ್ರ ಶುರುವಾದಾಗಲೆಲ್ಲ ಮೆಡಿಕಲ್ ಶಾಪಿನಿಂದ ಸೆಫಿಕ್ಸಿಮ್ ಅನ್ನುವ ಆಂಟಿಬಯಾಟಿಕ್ ತರಿಸಿ ನುಂಗುತ್ತಿದ್ದರು, ಚೀಟಿ ಯಾರೂ ಕೇಳುತ್ತಿರಲಿಲ್ಲ. ಈ ಸಲ ಉರಿ ಇಳಿಯಲೇ ಇಲ್ಲ. ಕಲ್ಚರ್‌ನಲ್ಲಿ ಇ. ಕೋಲೈ ಬ್ಯಾಕ್ಟೀರಿಯಾ, ಇಎಸ್‌ಬಿಎಲ್ ಪಾಸಿಟಿವ್ ಅಂತ ಬಂದಿದೆ. ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್, ಸಿಪ್ರೊಫ್ಲಾಕ್ಸಸಿನ್ ಎಲ್ಲದರ ಮುಂದೆ ‘ಆರ್’, ಅಂದರೆ ರೆಸಿಸ್ಟೆಂಟ್, ಮದ್ದು ನಾಟುವುದಿಲ್ಲ. ‘ಎಸ್’ (ಸೆನ್ಸಿಟಿವ್, ಮದ್ದು ನಾಟುತ್ತದೆ) ಇರುವುದು ನೈಟ್ರೊಫ್ಯುರಾಂಟಾಯಿನ್, ಫಾಸ್ಫೊಮೈಸಿನ್, ಮೆರೊಪೆನೆಮ್ ಮುಂದೆ ಮಾತ್ರ. ಜ್ವರ ಇಲ್ಲ. ನಾಳೆ ಡಾಕ್ಟರ ಹತ್ತಿರ ಹೋಗುತ್ತೇವೆ. ಮೆರೊಪೆನೆಮ್ ಇಂಜೆಕ್ಷನ್ನೇ ಗಟ್ಟಿ ಮದ್ದು, ಅದನ್ನೇ ಹಾಕಿಸಿ ಅಂತ ಚಿಕ್ಕಪ್ಪ ಪಟ್ಟು ಹಿಡಿದಿದ್ದಾರೆ.

ತುಮಕೂರಿನವರು:
ಬಾರ್ಲಿ ನೀರು ಕುಡಿಸಿ. ನಮ್ಮತ್ತೆಗೆ ಅದರಲ್ಲೇ ತಣ್ಣಗಾಯಿತು.

ಹುಬ್ಬಳ್ಳಿ ಲ್ಯಾಬ್:
ನಾನು ಮೈಕ್ರೊಬಯಾಲಜಿ ಲ್ಯಾಬಿನವಳು, ಇಂಥ ರಿಪೋರ್ಟ್ ದಿನಾ ನನ್ನ ಕೈಯಿಂದಲೇ ಹೋಗುತ್ತವೆ. ನೀರು ಚೆನ್ನಾಗಿ ಕುಡಿಯಲಿ, ಆದರೆ ಈಗ ಅದೊಂದನ್ನೇ ನಂಬಿ ಕೂರಬೇಡಿ.

ಇಎಸ್‌ಬಿಎಲ್ ಅಂದರೆ ಸೆಫಿಕ್ಸಿಮ್‌ನಂಥ ಮದ್ದನ್ನು ಕತ್ತರಿಸಿ ಹಾಕುವ ಕಿಣ್ವ. ಅದರ ಜೀನ್ ಹೆಚ್ಚಾಗಿ ಪ್ಲಾಸ್ಮಿಡ್ ಅನ್ನುವ ಪುಟ್ಟ ಡಿಎನ್‌ಎ ಉಂಗುರದ ಮೇಲಿರುತ್ತದೆ, ಒಂದು ಬ್ಯಾಕ್ಟೀರಿಯಾದಿಂದ ಪಕ್ಕದ್ದಕ್ಕೆ ದಾಟುತ್ತದೆ. ಮೂತ್ರಕ್ಕೆ ಬರುವ ಇ. ಕೋಲೈ ಸಾಮಾನ್ಯವಾಗಿ ನಮ್ಮ ಕರುಳಿನದೇ. ಪ್ರತಿ ಸಲ ಮಾತ್ರೆ ನುಂಗಿದಾಗ ಅಲ್ಲಿ ಮೆತ್ತಗಿನವು ಸಾಯುತ್ತವೆ, ಈ ಜೀನ್ ಇದ್ದವು ಉಳಿದು ಹೆಚ್ಚುತ್ತವೆ. ಸೆಫಿಕ್ಸಿಮ್ 2014ರಿಂದ ಶೆಡ್ಯೂಲ್ ಎಚ್1 ಅನ್ನುವ ಸರ್ಕಾರದ ಮದ್ದಿನ ಪಟ್ಟಿಯಲ್ಲಿದೆ. ಚೀಟಿ ನೋಡಿ, ರಿಜಿಸ್ಟರಿನಲ್ಲಿ ಬರೆದೇ ಕೊಡಬೇಕು. ಹಾಗೇ ಕೊಟ್ಟುಬಿಡುವುದನ್ನು ಕೇಳಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಚಿಕ್ಕಪ್ಪನಿಗೆ ಹೇಳಿ: ರಿಪೋರ್ಟಿನ ಪಟ್ಟಿ ಮದ್ದಿನ ಬಲದ ಪಟ್ಟಿಯಲ್ಲ. ಸೋಂಕು ಮೂತ್ರಕೋಶದಲ್ಲೇ ಇದ್ದರೆ 1953ರಷ್ಟು ಹಳೆಯ ನೈಟ್ರೊಫ್ಯುರಾಂಟಾಯಿನ್ ಇವತ್ತಿಗೂ ಒಳ್ಳೆಯ ಮದ್ದು. ಅದು ರಕ್ತದಲ್ಲಿ ನಿಲ್ಲುವುದು ಕಡಿಮೆ, ಮೂತ್ರದಲ್ಲೇ ಸಾಂದ್ರವಾಗುತ್ತದೆ. ಬ್ಯಾಕ್ಟೀರಿಯಾವನ್ನು ಹಲವು ಕಡೆ ಒಟ್ಟಿಗೆ ಹೊಡೆಯುವುದರಿಂದ ಅದಕ್ಕೆ ಪ್ರತಿರೋಧ ಬೆಳೆಯುವುದೂ ನಿಧಾನ. ಕಿಡ್ನಿ ತೀರಾ ದುರ್ಬಲವಾಗಿದ್ದರೆ ಮಾತ್ರ ಕೊಡುವುದಿಲ್ಲ, ಶುಗರ್ ಇರುವುದರಿಂದ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತಿಳಿಸುವ ರಕ್ತಪರೀಕ್ಷೆ) ರಿಪೋರ್ಟ್ ಜೊತೆಗೆ ಒಯ್ಯಿರಿ. ಫಾಸ್ಫೊಮೈಸಿನ್ 3 ಗ್ರಾಂ ಪುಡಿ, ನೀರಿಗೆ ಕಲಸಿ ಸಾಮಾನ್ಯವಾಗಿ ಒಂದೇ ಸಲ ಕುಡಿಯುವುದು. ಎರಡರಲ್ಲಿ ಯಾವುದು ಅಂತ ಡಾಕ್ಟರು ಹೇಳಲಿ.

ಚಳಿಜ್ವರ, ವಾಂತಿ, ಪಕ್ಕೆಯ ಹಿಂದೆ ನೋವು ಬಂದರೆ ಮಾತು ಬೇರೆ. ಸೋಂಕು ಕಿಡ್ನಿಗೆ ಏರಿದರೆ ಈ ಎರಡೂ ಸಾಲವು, ಮೆರೊಪೆನೆಮ್‌ನಂಥವು ಬೇಕಾಗುವುದು ಆಗ. ಅದನ್ನೂ ಒಡೆಯುವ ಎನ್‌ಡಿಎಂ ಕಿಣ್ವ ನಮ್ಮ ದೇಶದಲ್ಲಿ ಆಗಲೇ ಇದೆ. ಹೆಸರಿನಲ್ಲೇ ನ್ಯೂ ಡೆಲ್ಲಿ ಇದೆ. ಉರಿಮೂತ್ರಕ್ಕೆಲ್ಲ ಮೆರೊಪೆನೆಮ್ ಖರ್ಚು ಮಾಡಿದರೆ ಐಸಿಯುನಲ್ಲಿ ಮಲಗಿದವರಿಗೆ ಏನು ಕೊಡುವುದು?

ದಾವಣಗೆರೆ ಮಗಳು:
ತುಂಬಾ ಥ್ಯಾಂಕ್ಸ್ ಮೇಡಂ. ಡಾಕ್ಟರು ನೈಟ್ರೊಫ್ಯುರಾಂಟಾಯಿನ್ನೇ ಬರೆದರು, ಉರಿ ಕಡಿಮೆಯಾಗುತ್ತಿದೆ. ಕೋರ್ಸ್ ಮುಗಿದ ಮೇಲೆ ಮತ್ತೆ ಕಲ್ಚರ್ ಮಾಡಿಸಬೇಕಾ?

ಹುಬ್ಬಳ್ಳಿ ಲ್ಯಾಬ್:
ಉರಿ ಪೂರ್ತಿ ಹೋದರೆ ಸಾಮಾನ್ಯವಾಗಿ ಬೇಡ. ಈ ವಯಸ್ಸಿನ ಹೆಂಗಸರಲ್ಲಿ ಏನೂ ತೊಂದರೆ ಇಲ್ಲದೆಯೂ ಮೂತ್ರದಲ್ಲಿ ಬ್ಯಾಕ್ಟೀರಿಯಾ ಕಾಣುವುದುಂಟು. ಗರ್ಭಿಣಿಯರು, ಮೂತ್ರನಾಳದ ಆಪರೇಷನ್‌ಗೆ ಹೊರಟವರನ್ನು ಬಿಟ್ಟರೆ ಅದಕ್ಕೆ ಮದ್ದು ಕೊಡುವುದಿಲ್ಲ. ಮತ್ತೆ ಉರಿ ಬಂದರೆ ಮಾತ್ರೆಗೆ ಮೊದಲೇ ಸ್ಯಾಂಪಲ್ ಕೊಡಿ: ಶುರುವಿನದನ್ನು ಬಿಟ್ಟು ನಡುವಿನ ಮೂತ್ರ, ಲ್ಯಾಬಿನವರು ಕೊಟ್ಟ ಡಬ್ಬಿಯಲ್ಲೇ. ತಲುಪಿಸುವುದು ತಡವಾಗುವುದಾದರೆ ಫ್ರಿಜ್ಜಿನಲ್ಲಿಡಿ.