ಹೋಂಸ್ಟೇ ರಿಪೇರಿ ಕಸ ಎಲ್ಲಿಗೆ ಹಾಕ್ತೀರಿ? ಅನುಭವ ಇದ್ದವರು ಹೇಳಿ

ಸುಂಟಿಕೊಪ್ಪ ಹೋಂಸ್ಟೇ: ಮಳೆಗೆ ಮುಂಚೆ ರೂಮುಗಳನ್ನು ರಿಪೇರಿ ಮಾಡಿಸಿದೆ. ಹಳೇ ಫೋಮ್ ಹಾಸಿಗೆ, ಒಡೆದ ಟೈಲ್ಸ್, ಟ್ಯೂಬ್‌ಲೈಟ್, ಪೇಂಟ್ ಡಬ್ಬ ಎಲ್ಲಾ ಶೆಡ್ಡಿನಲ್ಲಿ ಬಿದ್ದಿವೆ. ಪಂಚಾಯಿತಿ ಗಾಡಿಯವರು ಮುಟ್ಟಲ್ಲ ಅಂದರು. ಪಿಕಪ್‌ನಲ್ಲಿ ಕಸದ ಯಾರ್ಡಿಗೆ ಕಳಿಸಿದರೆ ತಗೊಳ್ತಾರಾ? ಇಲ್ಲಾ ತೋಟದಲ್ಲೇ ಗುಂಡಿ ತೋಡಿ ಮುಚ್ಚಲಾ?

ನಾಪೋಕ್ಲು ಕಾಫಿ: ಯಾರ್ಡಿನ ಆಸೆ ಬಿಡಿ. ಕಳೆದ ವರ್ಷ ಪಿಕಪ್ ಬಾಡಿಗೆ 2,800, ಲೋಡ್ ಮಾಡಿದ ಇಬ್ಬರಿಗೆ ತಲಾ 600, ಅವರ ಊಟಕ್ಕೆ 240. ಗೇಟಿನವನು ಟಾರ್ಪಲ್ ಎತ್ತಿ ನೋಡಿದ. ಹಾಸಿಗೆ ಕಂಡಿದ್ದೇ ತಡ, ವಾಪಸ್ ಹೋಗಿ ಅಂದ. ಆಗಿದ್ದ 2016ರ ಘನತ್ಯಾಜ್ಯ ನಿಯಮದ ಪ್ರಕಾರ ಭೂಭರ್ತಿಗೆ, ಅಂದರೆ ಕಸ ಹೂಳುವ ಜಾಗಕ್ಕೆ, ಹೋಗಬೇಕಿದ್ದದ್ದು ಕೊಳೆಯದ, ಉರಿಯದ, ಮರುಬಳಕೆಗೆ ಬಾರದ ಜಡ ಕಸ ಮಾತ್ರ. ಕಿಲೋಗೆ 1,500 ಕಿಲೋಕ್ಯಾಲರಿ ಅಥವಾ ಅದಕ್ಕಿಂತ ಜಾಸ್ತಿ ಶಾಖ ಕೊಡುವಂಥದ್ದನ್ನು ಹೂಳುವ ಹಾಗಿರಲಿಲ್ಲ, ಸಿಮೆಂಟ್ ಫ್ಯಾಕ್ಟರಿ ಗೂಡಿಗೋ ಕರೆಂಟ್ ತಯಾರಿಕೆಗೋ ಹೋಗಬೇಕಿತ್ತು. ಕಾನೂನು ಸರಿಯೇ. ನನ್ನ 4,240 ಯಾರು ಕೊಡ್ತಾರೆ? ಕೊನೆಗೆ ಹೊಲಿಗೆ ಬಿಚ್ಚಿ, ಫೋಮ್ ಬೇರೆ ಮಾಡಿ ಕುಶಾಲನಗರದ ಸೋಫಾ ರಿಪೇರಿಯವರಿಗೆ ಪುಕ್ಕಟೆ ಕೊಟ್ಟೆ. ಅದಕ್ಕೆ ಆಟೋ ಇನ್ನೊಂದು 900.

ಕುಶಾಲನಗರದವ: ನೋಡಿ, ಎಲ್ಲಾ ಕೊನೆಗೆ ನಮ್ಮೂರಿಗೇ. ಗುಡ್ಡದ ಮೇಲೆ ಭೂಭರ್ತಿ ಬೇಡ, 25 ಕಿ.ಮೀ. ಒಳಗೆ ಕೆಳಗಿನ ಬಯಲಲ್ಲಿ ಜಾಗ ಹುಡುಕಿ ಅಂತಲೂ ಅದೇ 2016ರ ನಿಯಮ ಹೇಳಿತ್ತು. ಮಡಿಕೇರಿ ಕೆಳಗಿನ ಬಯಲು ಅಂದರೆ ನಾವೇ ಅಲ್ವಾ? ನದಿಯಿಂದ 100 ಮೀಟರ್, ಕೆರೆ, ಮನೆ, ಹೆದ್ದಾರಿ, ಕುಡಿಯುವ ನೀರಿನ ಬಾವಿಯಿಂದ 200 ಮೀಟರ್ ಬಿಡಬೇಕು ಅಂತಲೂ ಅದರಲ್ಲಿತ್ತು. ಈ ಕಡೆ ಕಾವೇರಿ, ಆ ಕಡೆ ಹಾರಂಗಿ. ಎಲ್ಲಿ ಬಿಡ್ತೀರಿ?

ನಾಪೋಕ್ಲು ಕಾಫಿ: ಸೋಫಾದವರು ಬೇಕು ಅಂತ ಇಸ್ಕೊಂಡಿದ್ದು ಸ್ವಾಮಿ, ನಿಮ್ಮ ಅಂಗಳಕ್ಕೆ ಸುರಿದಿಲ್ಲ. ಮಡಿಕೇರಿಯಿಂದ ನಿಮ್ಮೂರು ರಸ್ತೆಯಲ್ಲಿ 30 ಕಿ.ಮೀ. ಹತ್ತಿರ. ಸುಮ್ನೆ ಗಾಬರಿ ಬೀಳಬೇಡಿ.

ಕುಶಾಲನಗರದವ: ನೆಟ್ಟಗೆ ಗೆರೆ ಎಳೆದು ನೋಡಿ, ಅಷ್ಟಿಲ್ಲ. ಗಾಬರಿ ಯಾರಿಗೆ ಅಂತ ಆಗ ಗೊತ್ತಾಗುತ್ತೆ.

ಗೋಣಿಕೊಪ್ಪದ ಅಕ್ಕ: ಗುಂಡಿ ಮಾತ್ರ ತೋಡಬೇಡಿ. ಪಕ್ಕದ ತೋಟದವರು ಇಳಿಜಾರಲ್ಲಿ ತೋಡಿ ಮುಚ್ಚಿದ್ದರು. ಕಾಡುಹಂದಿ ಬಂದು ಕೆದಕಿತು. ಜುಲೈ ಮಳೆಗೆ ಡೈಪರ್‌ಗಳು ಉಬ್ಬಿಕೊಂಡು ನಮ್ಮ ಹಳ್ಳಕ್ಕೆ ಬಂದವು, ಕಾಫಿ ಗಿಡದ ಬುಡದಲ್ಲಿ ಜೆಲ್ ಮುದ್ದೆ ಮುದ್ದೆಯಾಗಿ ಅಂಟಿಕೊಂಡಿತ್ತು. ತೆಗೆಸೋಕೆ ಇಬ್ಬರು ಆಳಿನ ಕೂಲಿ ನಾನೇ ಕೊಟ್ಟೆ. ಕೇಳಿದರೆ ‘ನಮ್ಮದಲ್ಲ’ ಅಂತಾರೆ! 2018ರ ಆಗಸ್ಟಲ್ಲಿ ಗುಡ್ಡ ಜಾರಿದ್ದು ಕಂಡ ಮೇಲೂ ಇಳಿಜಾರು ಅಗೆಯುವವರಿಗೆ ಏನು ಹೇಳೋದು? ನಮ್ಮಲ್ಲಿ ಮೊದಲಿಂದಲೂ ನಾಲ್ಕು ಡ್ರಮ್. ಹಸಿ, ಒಣ, ಪ್ಯಾಡ್-ಡೈಪರ್, ಕೊನೇದು ಟ್ಯೂಬ್‌ಲೈಟ್, ಬ್ಯಾಟರಿ, ಪೇಂಟ್ ಡಬ್ಬ, ಔಷಧಿ ಬಾಟಲಿ. ಈ ಕೊನೇ ಡ್ರಮ್ ಯಾವ ಯಾರ್ಡಿಗೂ ಕಸದ ಜೊತೆ ಹೋಗಬಾರದು. ಗೆಸ್ಟ್‌ಗಳು ಮುಖ ಸಿಂಡರಿಸ್ತಾರೆ, ಸಿಂಡರಿಸಲಿ.

ಸೋಮವಾರಪೇಟೆ ಹುಡುಗ: ಇಷ್ಟೆಲ್ಲ ಯಾಕೆ? ಒಂದು ಬೆಂಕಿಪೊಟ್ಟಣ ಸಾಕು.

ಗೋಣಿಕೊಪ್ಪದ ಅಕ್ಕ: ಮಗಾ, ಬಯಲಲ್ಲಿ ಕಸ ಸುಟ್ಟರೆ 5,000, ರಾಶಿ ಸುಟ್ಟರೆ 25,000 ದಂಡ ಅಂತ ಹಸಿರು ನ್ಯಾಯಮಂಡಳಿ 2016ರಲ್ಲೇ ಹೇಳಿದೆ. ಫೋಮ್ ಹೊಗೆ ಕುಡಿದು ನೋಡು, ದಂಡವೇ ವಾಸಿ ಅನ್ಸುತ್ತೆ.

ಸೋಮವಾರಪೇಟೆ ಹುಡುಗ: ಇಲ್ಲಿ ಯಾರು ಬಂದು ಹಿಡೀತಾರೆ ಅಕ್ಕ? ಹೋಂಸ್ಟೇ ಇಟ್ಟು ದುಡ್ಡು ಮಾಡೋರು ನೀವು, ರಸ್ತೆ ಬದಿ ಬಿಯರ್ ಬಾಟಲ್ ಹೆಕ್ಕೋದು ನಾವು.

ವಿರಾಜಪೇಟೆ ಮೇಸ್ತ್ರಿ: ಟೈಲ್ಸ್ ನನ್ನ ಸೈಟಲ್ಲಿ ಎಸೆಯೋದೇ ಇಲ್ಲ. ಚೀಲದಲ್ಲಿ ಕೂಡಿಟ್ಟು ಪುಡಿ ಮಾಡಿ, ಹೊಸ ಶೆಡ್ಡಿನ ನೆಲದಡಿ ಹಾಕಿ ಮೇಲೆ ಕಾಂಕ್ರೀಟ್ ಹೊಡೆಸ್ತೀನಿ. ಜಲ್ಲಿ ಒಂದು ಟ್ರ್ಯಾಕ್ಟರ್ ಉಳಿಯಿತು. ಕಟ್ಟಡದ ಕಸಕ್ಕೆ 2016ರಲ್ಲೇ ಬೇರೆ ನಿಯಮ ಬಂದಿದೆ, ಮನೆ ಕಸದ ಜೊತೆ ಬೆರೆಸಿದರೆ ಎರಡೂ ಕೆಡುತ್ತೆ.

ನಾಪೋಕ್ಲು ಕಾಫಿ: ಬಾಟಲ್ ಅಂದವರೇ, ನಿಮ್ಮ ಕಡೆ ಪಲ್ಪಿಂಗ್ ನೀರು, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಸುಲಿದ ನೀರು, ಹೊಳೆಗೆ ಬಿಡೋರ ಬಗ್ಗೆಯೂ ಸ್ವಲ್ಪ ಮಾತಾಡಿ.

ಸೋಮವಾರಪೇಟೆ ಹುಡುಗ: ನಮ್ಮಲ್ಲಿ ಪಲ್ಪರೇ ಇಲ್ಲ. ಹಣ್ಣನ್ನು ಸಿಪ್ಪೆ ಸಮೇತ ಒಣಗಿಸಿ, ಚೆರಿ ಮಾಡಿ ಮಾರೋದು. ಗೊತ್ತಿಲ್ಲದೆ ಬಾಯಿಗೆ ಬಂದಂಗೆ ಬರೀಬೇಡಿ.